ಕೈರೋದಲ್ಲಿ ಉಬ್ಬಿದ ರೊಟ್ಟಿ

ಇವತ್ತು ಬೆಳಿಗ್ಗೆ ಜೋಳದ ಹಿಟ್ಟು ಸೀದ ವಾಸನೆ ಮೂಗಿಗೆ ಬಡಿಯಿತು. ನಾನು ಕುಳಿತದ್ದು ಹಾನಗಲ್ಲಿನ ನಮ್ಮ ಮನೆಯ ಪಡಸಾಲೆಯಲ್ಲಿ. ಮನಸ್ಸು ಹೋಗಿ ನಿಂತದ್ದು ಕೈರೋದ ಒಂದು ಓಣಿಯಲ್ಲಿ. ಒಳಗೆ ನಮ್ಮ ಮೊಮ್ಮಗನ ಹೆಂಡತಿ ಸವಿತಾ, ಮಂಡ್ಯದ ಕಡೆಯ ಹುಡುಗಿ, ಮೊದಲ ಸಲ ರೊಟ್ಟಿ ಬಡಿಯಲು ಹೋಗಿ ಕಣ್ಣೊರೆಸಿಕೊಳ್ಳುತ್ತಿದ್ದಳು.

ಎರಡನೇ ಮಹಾಯುದ್ಧದ ಕಾಲದಲ್ಲಿ ನಾನು ಕೈರೋದಲ್ಲಿ ಮಿಲಿಟರಿ ಲಾರಿ ಓಡಿಸುತ್ತಿದ್ದೆ. ಗುಂಡಿನ ಸದ್ದಿಗೆ ಕಿವಿ ನೆಟ್ಟಗೆ ಮಾಡಿಕೊಂಡಿದ್ದರೆ ಕ್ಷಮಿಸಿ. ನನಗೆ ನೆನಪಿರುವುದು ವಿಮಾನದಾಳಿಯ ಭಯಕ್ಕೆ ನೀಲಿ ಬಳಿದ ಬೀದಿದೀಪಗಳು, ಜನ ಜೋತುಬಿದ್ದ ಟ್ರಾಮು, ಪುಟ್ಟ ಗಾಜಿನ ಲೋಟದ ಕರಿ ಚಹಾ. ಆ ಚಹಾದಂಗಡಿಯಲ್ಲಿ ನಾನೂ ಸವಣೂರಿನ ಮೌಲಾಸಾಬನೂ ದಿನಾ ಜಗಳವಾಡುತ್ತಿದ್ದೆವು. ಸವಣೂರಿನ ವೀಳ್ಯದೆಲೆ ಹೆಚ್ಚೋ, ಹಾನಗಲ್ಲಿನ ಅಕ್ಕಿ ಹೆಚ್ಚೋ? ಇಡೀ ತುಕಡಿಯಲ್ಲಿ ಕನ್ನಡ ಬಲ್ಲವರು ನಾವಿಬ್ಬರೇ. ಜಗಳಕ್ಕಾದರೂ ಬೇರೆ ಯಾರಿದ್ದರು?

ಅಂಥ ಮೌಲಾಸಾಬನಿಗೆ ಕಾಮಾಲೆ ಬಂತು. ಜ್ವರ ಇಳಿದರೂ ಊಟ ಸೇರಲಿಲ್ಲ. ತುಕಡಿ ಮುಂದಕ್ಕೆ ಹೊರಡುವುದಿತ್ತು. ಅಷ್ಟರಲ್ಲಿ ಶಕ್ತಿ ಬರದಿದ್ದರೆ ಅವನನ್ನು ಇಲ್ಲೇ ಬಿಟ್ಟು ಹೋಗುವುದೆಂದು ಡಾಕ್ಟರು ಹೇಳಿದರು. ನಾನು ಓಡಿಹೋಗಿ ಅವನ ಮಂಚದ ಪಕ್ಕ ಕುಳಿತೆ.

"ಏನ್ ತಿಂತೀಯೋ ಮಾರಾಯಾ, ಹೇಳರ ಹೇಳು," ಅಂದೆ.

ಅವನು ಗೋಡೆಗೆ ಮುಖ ಮಾಡಿದ. "ಒಂದ್ ಬಿಸಿ ಜ್ವಾಳದ ರೊಟ್ಟಿ ಇದ್ರ ನೋಡು. ಈ ಬ್ರೆಡ್ಡು ಬ್ಯಾಡೋ ನನಗ."

ಒಂದು ಕಾಳಿನಂಗಡಿಯಲ್ಲಿ ಬಿಳಿ ಜೋಳ ಕಂಡಾಗ ಊರಿನ ನೆಂಟರೇ ಸಿಕ್ಕಷ್ಟು ಸಂತೋಷವಾಯಿತು. ಬೀಸಿಸಿಕೊಂಡು, ಓಣಿಯ ತುದಿಯಲ್ಲಿ ಬ್ರೆಡ್ಡು ಸುಡುತ್ತಿದ್ದ ಹೆಂಗಸಿನ ಮುಂದೆ ನಿಂತು ಕೈಸನ್ನೆ ಮಾಡಿದೆ. ಆಕೆ ಒಲೆಯ ಒಂದು ಮೂಲೆ ಬಿಟ್ಟುಕೊಟ್ಟಳು. ಇಲ್ಲಿ ನಮ್ಮ ಗಂಡಸರ ಬುದ್ಧಿವಂತಿಕೆ ನೋಡಿ! ರೊಟ್ಟಿ ತಿಂದೇ ಬೆಳೆದವನು, ಆದರೆ ಬಡಿಯುವುದು ಹೆಂಗಸರ ಕೆಲಸವೆಂದು ಒಲೆಯ ಕಡೆ ತಿರುಗಿ ನೋಡಿದವನಲ್ಲ. ತಣ್ಣೀರು ಸುರಿದು ಚಪಾತಿ ಹಿಟ್ಟಿನ ಹಾಗೆ ನಾದಿದೆ. ಬಡಿದಂತೆಲ್ಲ ಬೇಸಿಗೆಯ ಕೆರೆಯಂಗಳದಂತೆ ಸೀಳಿತು. ಹಂಚಿನ ಮೇಲೆ ಚೂರಾಗಿ ಸೀದುಹೋಯಿತು. ಆಕೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ನನಗೆ ಅಳು ಬಂತು.

ಆಗ ಪಕ್ಕದಲ್ಲಿ ಅವಳ ಚಹಾದ ನೀರು ತಕತಕ ಕುದಿಯತೊಡಗಿತು. ಆ ಸದ್ದಿನಲ್ಲಿ ನಮ್ಮವ್ವ ಅಕ್ಕನನ್ನು ಕೂಗುತ್ತಿದ್ದ ದನಿ ಕೇಳಿಸಿತು: "ಎಸರು ಬಂತು, ಹಿಟ್ಟು ತಾರs."

ಎಸರು! ಕುದಿಯುವ ನೀರು ಬೀಳದೆ ಜೋಳದ ಹಿಟ್ಟಿಗೆ ಜಿಗಿ ಬರುವುದುಂಟೇ? ಕೆಟಲಿಯನ್ನು ಕಸಿದುಕೊಂಡೇ ಬಿಟ್ಟೆ. ಕೈ ಸುಟ್ಟರೂ ನಾದಿದೆ, ಬಡಿದೆ. ಈ ಸಲ ಸೀಳಲಿಲ್ಲ. ಹಂಚಿನಿಂದ ತೆಗೆದು ಕೆಂಡಕ್ಕೆ ಒಡ್ಡಿದೆ. ಉಬ್ಬಿತು ನೋಡಿ! ಆಕೆ ತನ್ನ ಭಾಷೆಯಲ್ಲಿ ಕೂಗಿದಳು, ನಾನು ನನ್ನ ಭಾಷೆಯಲ್ಲಿ.

ಆ ಸೊಟ್ಟ ರೊಟ್ಟಿಯನ್ನು ಅಂಗಿಯೊಳಗಿಟ್ಟುಕೊಂಡು ಓಡಿದೆ. ಮೌಲಾಸಾಬ ಮೊದಲು ಮೂಸಿ ನೋಡಿದ, ಆಮೇಲೆ ಒಂದು ಚೂರೂ ಉಳಿಸಲಿಲ್ಲ. ಬಾಯಿ ಒರೆಸಿಕೊಂಡು, "ನಮ್ಮವ್ವನ ರೊಟ್ಟಿಯಷ್ಟು ತೆಳ್ಳಗಿಲ್ಲ ಬಿಡು," ಅಂದ.

ಗೆದ್ದೆ ಅಂದುಕೊಂಡೆ. ತಪ್ಪು ಹುಡುಕುವಷ್ಟು ತ್ರಾಣ ಬಂದಿತ್ತಲ್ಲ! ಅಲ್ಲಿಂದ ದಿನಾ ರೊಟ್ಟಿ, ದಿನಾ ತಕರಾರು. ತುಕಡಿ ಹೊರಟ ದಿನ ಅವನು ನನ್ನ ಪಕ್ಕದ ಸೀಟಿನಲ್ಲೇ ಕುಳಿತು ಸವಣೂರಿನ ಎಲೆಯನ್ನು ಹೊಗಳುತ್ತಿದ್ದ.

ಊರಿಗೆ ಬಂದ ಮೇಲೆ ಈ ವಿದ್ಯೆಯನ್ನು ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಮನೆಯವರು ನನ್ನನ್ನೇ ಒಲೆಯ ಮುಂದೆ ಕೂರಿಸಿಯಾರೆಂಬ ಭಯ. ಇವತ್ತು ಮಾತ್ರ ಧೋತರ ಎತ್ತಿ ಕಟ್ಟಿ ಒಳಗೆ ಹೋದೆ.

"ಅಳಬ್ಯಾಡವಾ. ಮದ್ಲ ಎಸರಿಡು."

"ತಾತಾ, ನಿಮಗೆ ರೊಟ್ಟಿ ಬರುತ್ತಾ?"

"ಕೈರೋದಾಗ ಕಲ್ತೇನಿ," ಅಂದೆ.

ಬಡಿಯುತ್ತಲೇ ಮೌಲಾಸಾಬನ ಕಥೆ ಹೇಳಿದೆ. ನನ್ನದು ಉಬ್ಬಿತು. ಮುಂದಿನದನ್ನು ಅವಳೇ ಬಡಿದಳು, ಅದೂ ಉಬ್ಬಿತು! ಮುರಿದು ಬಾಯಿಗಿಟ್ಟೆ. ಅವಳು ನನ್ನನ್ನೇ ನೋಡುತ್ತಿದ್ದಳು.

"ಮೌಲಾಸಾಬನ ಅವ್ವನ ರೊಟ್ಟಿಯಷ್ಟು ತೆಳ್ಳಗಿಲ್ಲ ಬಿಡು," ಅಂದೆ.

ಈ ಮನೆಗೆ ಬಂದ ಮೇಲೆ ಮೊದಲ ಸಲ ಸವಿತಾ ಗಟ್ಟಿಯಾಗಿ ನಕ್ಕಳು. "ಎದ್ದು ಹೋಗ್ಬೇಡಿ ತಾತಾ, ಇನ್ನೊಂದು ಬಡೀತೀನಿ," ಎಂದು ಹಿಟ್ಟಿಗೆ ಕೈ ಹಾಕಿದಳು.