ಐಸಿಯುನಲ್ಲಿ ಕೇಳಿಸಿಕೊಂಡ ಕನ್ನಡ

ಕಳೆದ ವರ್ಷ, ದುರ್ಗಾಪೂಜೆಗೆ ಮುಂಚಿನ ವಾರ. ಕೋಲ್ಕತ್ತದ ಖಾಸಗಿ ಆಸ್ಪತ್ರೆಯೊಂದರಲ್ಲಿ ನಾನು ಎಕೋ ತಜ್ಞ. ಅಲ್ಟ್ರಾಸೌಂಡ್‌ನಲ್ಲಿ ಹೃದಯ ನೋಡುವುದು ನನ್ನ ಕೆಲಸ. ಪಾರ್ಕ್ ಸ್ಟ್ರೀಟಿನ ಬ್ಯಾಂಕ್ ಮ್ಯಾನೇಜರ್ ಶ್ರೀಧರ ರಾಯರಿಗೆ ದೊಡ್ಡ ಹೃದಯಾಘಾತವಾಗಿತ್ತು. ತೊಡೆಸಂದಿನ ರಕ್ತನಾಳದಿಂದ ಒಂದು ಪುಟ್ಟ ಪಂಪನ್ನು ಹೃದಯದ ಎಡ ಕೋಣೆಗೆ ಇಳಿಸಿದೆವು. ಸೋತ ಹೃದಯಕ್ಕೆ ಅದು ಕೆಲವು ದಿನದ ಆಸರೆ. ಅದರ ಬಾಯಿ ಕವಾಟದಿಂದ ಸುಮಾರು ಮೂರೂವರೆ ಸೆಂಟಿಮೀಟರ್ ಒಳಗಿರಬೇಕು. ತೀರಾ ಒಳಹೋದರೆ ರಕ್ತ ಸರಿಯಾಗಿ ಎಳೆಯುವುದಿಲ್ಲ.

ರಾಯರ ಹೆಂಡತಿ ಸುಮತಿ, ಮಗಳು ಅನಘಾ ತಮ್ಮೊಳಗೆ ಕರಾವಳಿಯ ಕನ್ನಡ ಮಾತಾಡುತ್ತಿದ್ದರು. ನಾನು ಮೈಸೂರಿನವನು, ಆದರೂ ಬಾಯಿ ಬಿಡಲಿಲ್ಲ. ಕನ್ನಡದವನೆಂದು ತಿಳಿದರೆ ಸಾಕು, ಯಾವ ಊರು, ಯಾರ ಪೈಕಿ ಎಂದು ಶುರುವಾಗಿ ಹಗಲು ರಾತ್ರಿ ಫೋನು ಬರುತ್ತದೆ. ಪ್ರಸಾದ್ ಎಂಬ ನನ್ನ ಹೆಸರು ಯಾವ ಊರಿಗೂ ಹೊಂದುತ್ತದೆ. ಆ ಕಾಲು ಮಡಚಬಾರದೆಂಬುದನ್ನೂ ಸೇರಿಸಿ ಎಲ್ಲವನ್ನೂ ಇಂಗ್ಲಿಷಿನಲ್ಲೇ, ಅವಸರದಲ್ಲೇ ಹೇಳಿದೆ.

"ನಮ್ಮವರು ಒಬ್ರಾದ್ರೂ ಇದ್ದಿದ್ರೆ ಕೇಳ್ಬಹುದಿತ್ತು" ಎಂದು ಸುಮತಿ ನನ್ನೆದುರೇ ಅತ್ತರು. ನಾನು ಮಾನಿಟರ್ ನೋಡುತ್ತ ನಿಂತೆ.

ಮರುದಿನ ಭೇಟಿಯ ಹೊತ್ತಿನಲ್ಲಿ ಪಂಪಿನ ಅಲಾರಂ ಹೊಡೆಯಿತು, ಬಿಪಿ ಇಳಿಯಿತು. ಮೈಯಲ್ಲಿ ನೀರಿನಂಶ ಕಡಿಮೆಯಾಗಿದೆ ಎಂದು ಐಸಿಯು ಡಾಕ್ಟರು ಡ್ರಿಪ್ ಜೋರು ಮಾಡಲು ಹೊರಟರು. ಊಹೆ ತಪ್ಪಾಗಿದ್ದರೆ ಶ್ವಾಸಕೋಶದಲ್ಲಿ ನೀರು ತುಂಬಿ ರಾಯರ ಜೀವಕ್ಕೇ ಸಂಚಕಾರ. ನನ್ನ ಪಕ್ಕದಲ್ಲೇ ಸುಮತಿ ಮಗಳಿಗೆ ಪಿಸುಗುಟ್ಟಿದರು.

"ಬೆನ್ನು ನೋವು ಅಂದ್ರು ಮಾರಾಯ್ತಿ, ಕಾಲು ಮಡಚಿಸಿ ಇಟ್ಟೆ. ಹೇಳ್ಬೇಡ, ಬೈತಾರೆ."

"ಅಮ್ಮಾ, ಇಟ್ಸ್ ಸೀರಿಯಸ್! ಹೇಳ್ಬೇಕು!"

ಪಂಪ್ ಹಾಕಿದ ಕಾಲು ಮಡಚಲೇಬಾರದು, ಪಂಪ್ ಜರುಗುತ್ತದೆ. ಅನಘಾ ನಮ್ಮತ್ತ ತಿರುಗುವ ಮೊದಲೇ ಡ್ರಿಪ್ ಜೋರು ಮಾಡದಂತೆ ತಡೆದು ಎಕೋ ಹಚ್ಚಿದೆ. ಪಂಪಿನ ಬಾಯಿ ಐದು ಸೆಂಟಿಮೀಟರ್ ದಾಟಿ ಒಳಗೆ ಸಿಕ್ಕಿಕೊಂಡಿತ್ತು. ನಾನು ಪರದೆ ನೋಡುತ್ತ ಹೇಳಿದಂತೆ ಸಹೋದ್ಯೋಗಿ ಅದನ್ನು ಸ್ವಲ್ಪ ಸ್ವಲ್ಪವೇ ಹಿಂದೆ ಎಳೆದರು. ಅಲಾರಂ ನಿಂತಿತು.

ರಾಯರು ಉಳಿದರು. ಪಂಪ್ ತೆಗೆದ ದಿನ ಅನಘಾ ಇಂಗ್ಲಿಷಿನಲ್ಲಿ ಕೇಳಿದಳು, ನಿಮಗೆ ಅಷ್ಟು ಬೇಗ ಹೇಗೆ ಗೊತ್ತಾಯಿತೆಂದು. ಸುಳ್ಳು ಹೇಳಲು ನಾಲಿಗೆ ಏಳಲಿಲ್ಲ.

"ನಿಮ್ಮಮ್ಮ ಹೇಳಿದ್ದು ಕೇಳಿಸ್ತು" ಎಂದೆ, ಕನ್ನಡದಲ್ಲಿ.

ಸುಮತಿ ನನ್ನ ಮುಖವನ್ನೇ ನೋಡಿದರು. "ಅವತ್ತು ಅಷ್ಟು ಅತ್ತೆನಲ್ಲ ಡಾಕ್ಟ್ರೇ. ಕನ್ನಡದಲ್ಲಿ ಒಂದು ಮಾತು ಹೇಳಿದ್ದಿದ್ರೆ ನಾನು ಆ ಕಾಲು ಮುಟ್ತಿರ್ಲಿಲ್ಲ."

ದನಿಯಲ್ಲಿ ಸಿಟ್ಟಿರಲಿಲ್ಲ. ಈಗಲೂ ನೆನೆದರೆ ನನಗೆ ನಾಚಿಕೆಯಾಗುತ್ತದೆ. ಪಂಪನ್ನು ಸರಿಯಾದ ಜಾಗದಲ್ಲಿ ಕೂರಿಸಿದರೆ ಅರ್ಧ ಕೆಲಸವಾಯಿತಷ್ಟೇ; ಅದು ಅಲ್ಲೇ ಉಳಿಯಲು ಏನು ಮಾಡಬೇಕೆಂದು ಮನೆಯವರಿಗೆ ಅರ್ಥವಾಗುವಂತೆ ಹೇಳುವುದೂ ನನ್ನದೇ ಕೆಲಸ. ಈಗ ಕನ್ನಡದವರು ಬಂದರೆ ನಾನೇ ಮೊದಲು ಮಾತಾಡಿಸುತ್ತೇನೆ.

ಅವತ್ತು ಸುಮತಿಯವರಿಗೆ ನನ್ನ ನಂಬರ್ ಕೊಟ್ಟು, ಯಾವಾಗ ಬೇಕಾದರೂ ಫೋನ್ ಮಾಡಿ ಎಂದೆ. ಅವರು ಇದುವರೆಗೆ ಒಮ್ಮೆಯೂ ಮಾಡಿಲ್ಲ.