ಶೋಕದ ದಿನ ನುಡಿಸಿದ ಐವರು

ಅಬುಧಾಬಿಯ ಹೋಟೆಲೊಂದರಲ್ಲಿ ಹಾಲ್‌ನ ಉಸ್ತುವಾರಿ ನನ್ನದಿತ್ತು. ಎರಡು ಪಿಟೀಲು, ಚೆಲ್ಲೊ, ಕ್ಲಾರಿನೆಟ್, ಟ್ರಂಪೆಟ್ ಹಿಡಿದು ಐವರು ವಿದೇಶಿ ಕಲಾವಿದರು ಬಂದಿಳಿದ ದಿನವೇ ಸರ್ಕಾರಿ ಶೋಕಾಚರಣೆ ಶುರುವಾಗಿ ಸಂಗೀತವೆಲ್ಲ ಬಂದ್ ಆಯಿತು.

ಟ್ರಂಪೆಟ್‌ನ ಹೆಂಗಸು ನನ್ನ ಹತ್ತಿರ ಬಂದರು. "ತೀರಿಕೊಂಡ ನನ್ನ ಗಂಡನಿಗಾಗಿ ಬರೆದ ಹೊಸ ಕೃತಿ. ನಾಳೆ ಹೊರಡುತ್ತೇವೆ. ಒಮ್ಮೆ ನುಡಿಸಲು ಬಿಡಿ."

"ಸದ್ದು ಹೊರಗೆ ಹೋದರೆ ನನ್ನ ವೀಸಾ ಖಲಾಸ್, ಮೇಡಂ."

"ಸದ್ದೇ ಬರುವುದಿಲ್ಲ."

ಬಾಗಿಲು ಹಾಕಿ ಕೂತೆ. ಕಮಾನು ತಂತಿಯನ್ನು ಮುಟ್ಟಲಿಲ್ಲ, ಯಾರೂ ಊದಲಿಲ್ಲ. ಬೆರಳುಗಳಷ್ಟೇ ಓಡಿದವು. ಆಕೆಯ ಕಣ್ಣು ತುಂಬಿತ್ತು. ಕೊನೆಗೆ ಐವರೂ ಎದ್ದು ತಲೆಬಾಗಿದಾಗ ತಡೆಯಲಾಗಲಿಲ್ಲ. ಜೋರಾಗಿ ಚಪ್ಪಾಳೆ ತಟ್ಟಿಬಿಟ್ಟೆ.

ಸೆಕ್ಯುರಿಟಿಯವನು ಓಡಿಬಂದ. ಶೋಕದ ದಿನ ಹಾಲ್‌ನಲ್ಲಿ ಸದ್ದು ಮಾಡಿದವರೆಂದು ಅವನು ಬರೆದುಕೊಂಡದ್ದು ನನ್ನೊಬ್ಬನ ಹೆಸರನ್ನು.