ಕೊರಳಪಟ್ಟಿಯ ಕೊಕ್ಕೆ

ಅಪ್ಪ ಕುಡಿಯುತ್ತಿರಲಿಲ್ಲ. ಈ ಬರಹವನ್ನು ಬೇರೆ ಯಾವ ವಾಕ್ಯದಿಂದಲೂ ಆರಂಭಿಸಲು ನಾನು ಒಪ್ಪಲಾರೆ. ಎರಡು ಸಾವಿರದ ದಶಕದ ನಡುವಿನ ಒಂದು ಬೇಸಿಗೆಯಲ್ಲಿ ಈ ಮಾತನ್ನು ನಂಬುವವರು ಅವರು ದುಡಿಯುತ್ತಿದ್ದ ಹೋಟೆಲಿನಲ್ಲಿ ಒಬ್ಬರೂ ಉಳಿದಿರಲಿಲ್ಲ.

ಮುಂಬಯಿ ಪಕ್ಕದ ಠಾಣೆಯ ರೈಲು ಸ್ಟೇಷನ್ನಿಗೆ ಸಮೀಪದ ಆ ಸಸ್ಯಾಹಾರಿ ಹೋಟೆಲಿನಲ್ಲಿ ಅಪ್ಪ ಸಪ್ಲೈಯರುಗಳ ಮೇಲಿನ ಕ್ಯಾಪ್ಟನ್ ಆಗಿದ್ದರು. ಉಡುಪಿಯ ಕಡೆಯಿಂದ ಬಂದು, ಲೋಟ ತೊಳೆದು, ಹಲವು ವರ್ಷ ಸಪ್ಲೈಯರ್ ಆಗಿ ಟೇಬಲುಗಳ ನಡುವೆ ಓಡಾಡಿ, ಐವತ್ತು ದಾಟಿದ ಮೇಲೆ ಆ ಸ್ಥಾನ ಪಡೆದವರು. ಸ್ಥಾನದ ಗುರುತೆಂದರೆ ಒಂದು ಬಿಳಿ ಕೋಟು: ಕೊರಳ ಸುತ್ತ ನೆಟ್ಟಗೆ ನಿಲ್ಲುವ ಗಂಜಿ ಹಾಕಿದ ಪಟ್ಟಿ, ಅದರ ಮುಂದೆ ಒಂದು ಹಿತ್ತಾಳೆಯ ಕೊಕ್ಕೆ. ಡೊಂಬಿವಲಿಯ ಎಂಐಡಿಸಿ ಕೈಗಾರಿಕಾ ಪ್ರದೇಶದ ನಮ್ಮ ಮನೆಯ ಬಾಲ್ಕನಿಯಲ್ಲಿ ಅದನ್ನು ಒಣಹಾಕಿದರೆ ಕಾರ್ಖಾನೆಗಳ ವಾಸನೆ ಹಿಡಿಯುತ್ತದೆಂದು ಅಮ್ಮ ಒಳಗೇ ಒಣಗಿಸುತ್ತಿದ್ದಳು.

ಆ ಹೋಟೆಲಿನಲ್ಲಿ ಎಲ್ಲರೂ ಪಾಲಿಸುತ್ತಿದ್ದ ಒಂದು ನಿಯಮವಿತ್ತು: ಗಿರಾಕಿಗೆ ಬೆನ್ನು ತೋರಿಸಬಾರದು. ಟೇಬಲುಗಳು ಎದುರಿಗೆ, ಅಡುಗೆಮನೆಯ ಕಿಂಡಿ ಎಡಭುಜದ ಹಿಂದೆ. ಆದ್ದರಿಂದ ಕ್ಯಾಪ್ಟನ್ ದೇಹವನ್ನು ಅಲುಗಿಸದೆ ಕತ್ತನ್ನಷ್ಟೇ ಪೂರಾ ಹಿಂದಕ್ಕೆ ತಿರುಗಿಸಿ ಆರ್ಡರು ಕೂಗಬೇಕು. ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಅಪ್ಪ ಹೀಗೆ ನೂರಾರು ಸಲ ಕತ್ತು ತಿರುಗಿಸುತ್ತಿದ್ದರು.

ಒಂದು ಸೋಮವಾರ, "ಮೂರು ಪೂರಿ" ಎಂದು ಕೂಗುತ್ತಲೇ ಅವರು ಕುಸಿದರು. ಅರೆ ನಿಮಿಷದಲ್ಲಿ ಕಣ್ಣು ತೆರೆದರು. ಸಪ್ಲೈಯರುಗಳು ಅವರನ್ನು ಎತ್ತಿ ಕುಳ್ಳಿರಿಸಿದರು; ಗಿರಾಕಿಗಳ ಎದುರು ಕ್ಯಾಪ್ಟನ್ ಅಸ್ತವ್ಯಸ್ತವಾಗಿ ಕಾಣಬಾರದೆಂದು ಸಡಿಲವಾಗಿದ್ದ ಕೊಕ್ಕೆಯನ್ನು ಮೊದಲು ಬಿಗಿದರು. ಅದು ಅವರ ಪ್ರೀತಿಯೇ ಆಗಿತ್ತು, ಅನುಮಾನವಿಲ್ಲ. ಅಪ್ಪ ಎದ್ದು, ಕಿಂಡಿಯತ್ತ ಕತ್ತು ತಿರುಗಿಸಿ, ಮತ್ತೊಮ್ಮೆ ಬಿದ್ದರು.

ಗುರುವಾರವೂ ಹಾಗೆಯೇ ಆಯಿತು. ಈ ಸಲ ಅವರಿಗೆ ಗಟ್ಟಿ ಮಜ್ಜಿಗೆಯೂ ನಿಂಬೆರಸವೂ ಬಂದವು, ಅಮಲಿಳಿಸಲು.

"ಕ್ಯಾಪ್ಟನ್ ಅಣ್ಣ, ಬೆಳಿಗ್ಗೆನೇ ಟ್ಯಾಂಕಿ ಫುಲ್ಲಾ?" ಎಂದು ಒಬ್ಬ ಸಪ್ಲೈಯರ್ ಕೇಳಿದನಂತೆ. ಎಲ್ಲರೂ ನಕ್ಕರಂತೆ. ನಗು ಮುಗಿಯುವಷ್ಟರಲ್ಲಿ ಅದು ತೀರ್ಪಾಗಿಬಿಟ್ಟಿತ್ತು.

ಶನಿವಾರ ಅಪ್ಪ ಒಂದು ಕಾಗದ ತಂದು ಊಟದ ಮೇಜಿನ ಮೇಲಿಟ್ಟರು. ಹೋಟೆಲಿನ ಧಣಿಗಳೇ ಕನ್ನಡದಲ್ಲಿ ಬರೆದದ್ದು: ಕೆಲಸದ ವೇಳೆಯಲ್ಲಿ ಮದ್ಯಪಾನ ಮಾಡಿದ್ದು ನನ್ನ ತಪ್ಪು, ಇನ್ನು ಮುಂದೆ ಮಾಡುವುದಿಲ್ಲ. ಕೆಳಗೆ ಸಹಿಗೆ ಜಾಗ. ಸಹಿ ಮಾಡಿದರೆ ಒಂದು ವಾರ ಬಿಟ್ಟು ಸೋಮವಾರದಿಂದ ಕೆಲಸ; ಇಲ್ಲವಾದರೆ ಇಲ್ಲ.

"ಒಂದು ಸಹಿ ಹಾಕಿದ್ರೆ ಎಂತ ಹೋಗ್ತದೆ?" ಎಂದರು ಅಪ್ಪ. "ಈ ವಯಸ್ಸಲ್ಲಿ ಬೇರೆ ಯಾರು ತಗೊಳ್ತಾರೆ ನನ್ನ?"

"ಮಾಡದ ತಪ್ಪನ್ನು ಒಪ್ಪಿಕೊಳ್ತೀರಾ?" ಎಂದೆ ನಾನು.

"ನಿನ್ನ ಕಾಲೇಜಿನ ಭಾಷಣ ಇಲ್ಲಿ ಬೇಡ ಮಾರಾಯ್ತಿ. ನಾನು ಬಿದ್ದದ್ದು ಹೌದಲ್ಲ? ಯಾಕೆ ಬಿದ್ದೆ ಅಂತ ಕೇಳಿದ್ರೆ ಹೇಳ್ಲಿಕ್ಕೆ ನನ್ನಲ್ಲಿ ಎಂತ ಉಂಟು?"

ಆಗ ನಾನು ಪದವಿಯ ಕೊನೆಯ ವರ್ಷದಲ್ಲಿದ್ದೆ. ಚರ್ಚಾಸ್ಪರ್ಧೆಗಳ ಫಲಕಗಳು ಮನೆಯ ಟೀವಿಯ ಮೇಲೆ ಸಾಲಾಗಿ ನಿಂತಿದ್ದವು. ಆರೋಪವನ್ನು ಸಾಬೀತುಪಡಿಸುವ ಹೊಣೆ ಆರೋಪಿಸಿದವರದು ಎಂಬುದು ಅಲ್ಲಿ ನಾವು ಕಲಿತ ಮೊದಲ ಪಾಠ. ಆದರೆ ದುಡಿಯುವವರ ವಿಷಯದಲ್ಲಿ ಈ ಪಾಠವನ್ನು ತಲೆಕೆಳಗು ಮಾಡಲಾಗಿತ್ತು. ನಿರಪರಾಧಿತ್ವವನ್ನು ರುಜುವಾತು ಮಾಡುವ ಕೆಲಸವೂ ಅಪ್ಪನ ತಲೆಗೇ ಬಿದ್ದಿತ್ತು. ಅನ್ಯಾಯವೆಂದು ಗೊತ್ತಿದ್ದೂ ನಾನು ಅದನ್ನು ಕೈಗೆತ್ತಿಕೊಂಡೆ. ಕಾಗದವನ್ನು ನನ್ನ ಪುಸ್ತಕದೊಳಗಿಟ್ಟೆ. ಅಮ್ಮ ಒಂದೇ ಮಾತು ಹೇಳಿದಳು: "ವಾರ ಉಂಟಲ್ಲ, ಡಾಕ್ಟರಿಗೆ ತೋರಿಸಿಕೊಂಡು ಬನ್ನಿ."

ಹತ್ತಿರದ ಡಾಕ್ಟರು ನಿಶ್ಶಕ್ತಿಯೆಂದು ಟಾನಿಕ್ ಬರೆದರು. ನನಗೆ ಸಮಾಧಾನವಾಗಲಿಲ್ಲ. ಬುಧವಾರ ಪಕ್ಕದ ಊರಾದ ಕಲ್ಯಾಣದ ಆಸ್ಪತ್ರೆಯೊಂದರ ಹೃದ್ರೋಗ ವಿಭಾಗಕ್ಕೆ ಹೋದೆವು. ಅಲ್ಲಿನ ವೈದ್ಯೆ ಮಾತ್ರ, ಬೀಳುವ ಮೊದಲು ಏನು ಮಾಡುತ್ತಿದ್ದಿರಿ ಎಂದು ಕೇಳಿದರು. "ಹೇಳಬೇಡಿ, ಮಾಡಿ ತೋರಿಸಿ. ಮೆಲ್ಲಗೆ."

ಅಪ್ಪ ಎದ್ದುನಿಂತರು. ವೈದ್ಯೆಗೆ ಬೆನ್ನು ತೋರಿಸದೆ, ಇಲ್ಲದ ಕಿಂಡಿಯತ್ತ ಕತ್ತು ತಿರುಗಿಸಿದರು. ಒಂದು ಕೈ ತಾನಾಗಿ ಕೊರಳಿನಲ್ಲಿ ಇಲ್ಲದ ಕೊಕ್ಕೆಯನ್ನು ಸರಿಪಡಿಸಲು ಹೋಯಿತು.

"ಅಲ್ಲಿ ಏನಿದೆ?" ಎಂದರು ವೈದ್ಯೆ. ಅಪ್ಪ ಕೋಟಿನ ಬಿಗಿಯಾದ ಪಟ್ಟಿಯ ವಿಷಯ ಹೇಳಿದರು.

ಅವರನ್ನು ಮಲಗಿಸಿ, ಎದೆಗೆ ತಂತಿಗಳನ್ನು ಅಂಟಿಸಿದರು. ಕೊರಳಿಗೆ ಸ್ಟೆಥಾಸ್ಕೋಪ್ ಇಟ್ಟು ಬಹಳ ಹೊತ್ತು ಆಲಿಸಿದ ಮೇಲೆ, ಮನೆಯಲ್ಲಿ ಇದನ್ನು ಯಾರೂ ಮಾಡಿ ನೋಡಬಾರದೆಂದು ನನ್ನನ್ನು ಎಚ್ಚರಿಸಿ, ದವಡೆಯ ಕೆಳಗೆ ಎರಡು ಬೆರಳಿಟ್ಟು ಒತ್ತಿದರು. ಯಂತ್ರದ ಕಾಗದದಲ್ಲಿ ಏಳುತ್ತ ಬೀಳುತ್ತ ಸಾಗಿದ್ದ ಗೆರೆ ಇದ್ದಕ್ಕಿದ್ದಂತೆ ಸಪಾಟಾಯಿತು. ಒಂದು, ಎರಡು, ಮೂರು, ನಾಲ್ಕು ಸೆಕೆಂಡು. ಅಪ್ಪನ ಎದೆ ಮಾತ್ರ ಉಸಿರಿಗೆ ತಕ್ಕಂತೆ ಏರಿಳಿಯುತ್ತಲೇ ಇತ್ತು. ನಾನು ಕುರ್ಚಿಯ ತೋಳನ್ನು ಹಿಡಿದುಕೊಂಡೆ. ಬೆರಳು ತೆಗೆದರು, ಗೆರೆ ಮತ್ತೆ ಎದ್ದಿತು.

ವೈದ್ಯೆ ಹಿಂದಿಯಲ್ಲಿ ಹೇಳಿದ್ದು ನನ್ನೊಳಗೆ ಕನ್ನಡದಲ್ಲಿ ಉಳಿದಿದೆ. ಮೆದುಳಿನ ಬುಡದಲ್ಲಿ, ಬೆನ್ನುಹುರಿ ಆರಂಭವಾಗುವಲ್ಲಿ, ಹೆಬ್ಬೆರಳ ತುದಿಯಷ್ಟು ಒಂದು ಭಾಗವಿದೆ. ಹೃದಯದ ಬಡಿತವನ್ನೂ ಉಸಿರಿನ ಲಯವನ್ನೂ ಅದು ನಮ್ಮ ಅಪ್ಪಣೆ ಕೇಳದೆ ನಡೆಸುತ್ತದೆ. ಕೊರಳಿನ ರಕ್ತನಾಳದ ಗೋಡೆಯಲ್ಲಿರುವ ನರತುದಿಗಳು ಅದಕ್ಕೆ ಕ್ಷಣಕ್ಷಣವೂ ರಕ್ತದೊತ್ತಡದ ವರದಿ ಕಳಿಸುತ್ತವೆ. ನಾಳ ಹಿಗ್ಗಿದರೆ, ಒತ್ತಡ ಏರಿತೆಂದು ವರದಿ. ಮೆದುಳು ಕೂಡಲೇ ವೇಗಸ್ ಎಂಬ ನರದ ಮೂಲಕ ಹೃದಯಕ್ಕೆ, ನಿಧಾನಿಸು ಎನ್ನುತ್ತದೆ. ವಯಸ್ಸಾದಂತೆ ಕೆಲವರಲ್ಲಿ ಈ ಏರ್ಪಾಡು ಅತಿಸೂಕ್ಷ್ಮವಾಗುತ್ತದೆ. ಆಗ ಬಿಗಿಯಾದ ಪಟ್ಟಿಯೊಳಗೆ ಕತ್ತು ತಿರುಗಿದರೆ ಸಾಕು, ಹೊರಗಿನ ಒತ್ತನ್ನು ಒಳಗಿನ ಒತ್ತಡವೆಂದು ಮೆದುಳು ನಂಬುತ್ತದೆ. ಹೃದಯ ತಡೆದು ನಿಲ್ಲುತ್ತದೆ. ಮೆದುಳಿಗೇ ರಕ್ತ ಸಾಲದೆ ಮನುಷ್ಯ ಬೀಳುತ್ತಾನೆ.

ಸುಳ್ಳು ಸಾಕ್ಷಿಯನ್ನು ನಂಬಿ ಮೆದುಳು ಪ್ರಾಮಾಣಿಕವಾಗಿ ಕೊಟ್ಟ ತೀರ್ಪು ಅದು. ಹೋಟೆಲಿನದ್ದೂ ಅಂಥದ್ದೇ ಎಂದು ವಾದಿಸುವವರಿದ್ದಾರೆ. ನಾನು ಒಪ್ಪುವುದಿಲ್ಲ. ಮೆದುಳಿನ ಬುಡಕ್ಕೆ ಪ್ರಶ್ನೆ ಕೇಳುವ ಶಕ್ತಿಯಿಲ್ಲ, ಧಣಿಗಳಿಗೆ ಇತ್ತು.

"ಪಟ್ಟಿ ಸಡಿಲ ಬಿಡಿ, ಕತ್ತಿನ ಬದಲು ಇಡೀ ದೇಹ ತಿರುಗಿಸಿ," ಎಂದರು ವೈದ್ಯೆ. "ಆಮೇಲೂ ಬಿದ್ದರೆ ಪೇಸ್‌ಮೇಕರ್ ಯೋಚಿಸೋಣ."

ಹಿಂತಿರುಗುವ ಲೋಕಲ್ ರೈಲಿನಲ್ಲಿ ನಾನು ಗೆದ್ದವಳಂತೆ ಕುಳಿತಿದ್ದೆ. ಅಪ್ಪ ಕಿಟಕಿಯಾಚೆ ನೋಡುತ್ತಿದ್ದರು.

"ಆ ಕೊಕ್ಕೆ ಹಾಕ್ಲಿಕ್ಕೆ ನಂಗೆ ಇಪ್ಪತ್ತೆಂಟು ವರ್ಷ ಹಿಡೀತು," ಎಂದರು. ನಾನು ವೈದ್ಯೆ ಬರೆದುಕೊಟ್ಟ ಪತ್ರವನ್ನು ಪುಸ್ತಕದೊಳಗೆ, ಆ ಕಾಗದದ ಪಕ್ಕದಲ್ಲಿಟ್ಟೆ.

ಸೋಮವಾರ ಬೆಳಿಗ್ಗೆ ಹತ್ತರ ಸುಮಾರಿಗೆ ನಾವಿಬ್ಬರೂ ಗಲ್ಲಾದ ಮುಂದೆ ನಿಂತೆವು. ನಾನು ವೈದ್ಯೆಯ ಪತ್ರವನ್ನೂ ಯಂತ್ರದ ಗೆರೆಯಿದ್ದ ಕಾಗದವನ್ನೂ ಹರಡಿದೆ.

"ಇದೆಂತ ಗೀಟು ಮಗಳೇ?" ಎಂದರು ಧಣಿಗಳು.

"ಇಲ್ಲಿ ಸಪಾಟಾಗಿದೆಯಲ್ಲ, ಅಷ್ಟು ಹೊತ್ತು ಇವರ ಹೃದಯ ನಿಂತಿತ್ತು. ಕೊರಳು ಒತ್ತಿದ್ದಕ್ಕೆ. ನಿಮ್ಮ ಕೋಟು ದಿನಾ ಒತ್ತುತ್ತಿದ್ದ ಜಾಗ ಅದು."

ಅವರು ಪತ್ರವನ್ನು ಎರಡು ಸಲ ಓದಿದರು. "ಕಾಯಿಲೆ ಅಂತಾದ್ರೆ ಬೇರೆ ಮಾತು. ಆದ್ರೆ ಕಾಲರ್ ಬಿಚ್ಚಿಕೊಂಡು, ಗಿರಾಕಿಗೆ ಬೆನ್ನು ತೋರಿಸ್ಕೊಂಡು ನಿಂತ್ರೆ ಕ್ಯಾಪ್ಟನ್ನಿಗೂ ಕ್ಲೀನರಿಗೂ ಎಂತ ವ್ಯತ್ಯಾಸ? ಹೊರಗೆ ಬೇಡ, ಹಿಂದೆ ಸ್ಟೋರ್ ನೋಡ್ಕೊಳ್ಲಿ."

ನಾನು ಬಾಯಿ ತೆರೆಯುವ ಮೊದಲೇ ಅಪ್ಪ ನನ್ನ ಪುಸ್ತಕದಿಂದ ಆ ಕಾಗದ ತೆಗೆದು, ಸಹಿಯಿಲ್ಲದೆ, ಗಲ್ಲಾದ ಮೇಲಿಟ್ಟರು.

"ಧಣಿಗಳೇ, ನಾನು ಬಿದ್ದದ್ದು ಹೌದು. ಕುಡಿದದ್ದಲ್ಲ. ಸ್ಟೋರಿಗೆ ಹೋದ್ರೆ ಕುಡುಕನನ್ನು ಅಡಗಿಸಿ ಇಟ್ಟಿದ್ದಾರೆ ಅಂತಲೇ ಆಗ್ತದೆ. ನಾನು ಇಲ್ಲೇ ನಿಲ್ತೇನೆ. ಬೇಡ ಅಂದ್ರೆ ಇವರೆಲ್ಲರ ಎದುರಲ್ಲೇ ಹೇಳಿ."

ಸಪ್ಲೈಯರುಗಳು ನೋಡುತ್ತಿದ್ದರು. ಧಣಿಗಳು ಅವರತ್ತ ಒಮ್ಮೆ ಕಣ್ಣು ಹಾಯಿಸಿ, ಗಲ್ಲಾದ ನೋಟುಗಳನ್ನು ಎಣಿಸತೊಡಗಿದರು. ಅಪ್ಪ ಕೋಟು ತೊಟ್ಟು, ಎಂದಿನಂತೆ ಕೊಕ್ಕೆಗೆ ಕೈ ಒಯ್ದು, ಹಾಗೆಯೇ ಇಳಿಸಿದರು. ತೆರೆದ ಕೊರಳಲ್ಲಿ ತಮ್ಮ ಜಾಗಕ್ಕೆ ಹೋಗಿ ನಿಂತರು. ಮೊದಲ ಟೇಬಲಿನ ದಂಪತಿ ಇಡ್ಲಿ ಕೇಳಿದರು. ಅಪ್ಪ ಮೆಲ್ಲಗೆ, ಪಾದದಿಂದ ಭುಜದವರೆಗೆ, ಇಡೀ ದೇಹವನ್ನು ತಿರುಗಿಸಿ, ಗಿರಾಕಿಗಳಿಗೂ ಗಲ್ಲಾಕ್ಕೂ ಬೆನ್ನು ಹಾಕಿ ಕಿಂಡಿಗೆ ಎದುರಾದರು.

"ಎರಡು ಇಡ್ಲಿ. ಸಾಂಬಾರ್ ಬೇರೆ."

ಅವರ ಕೋಟಿನ ಹಿಂಭಾಗದಲ್ಲಿ ಅಮ್ಮ ಹಾಕಿದ ಇಸ್ತ್ರಿಯ ಗೆರೆ ನೇರವಾಗಿ ನಿಂತಿತ್ತು. ಅಷ್ಟು ವರ್ಷಗಳಲ್ಲಿ ಆ ಹೋಟೆಲು ಅವರ ಬೆನ್ನನ್ನು ನೋಡಿದ್ದು ಅಂದೇ ಮೊದಲು. ಧಣಿಗಳು ಕಾಗದವನ್ನು ಮಡಿಸಿ ಡ್ರಾಯರಿಗೆ ಹಾಕಲು ಹೋದರು. ನಾನು ಕೈಚಾಚಿ ಅದನ್ನು ಕೇಳಿ ಪಡೆದೆ.

ಸಹಿಯ ಜಾಗ ಇಂದಿಗೂ ಖಾಲಿಯಾಗಿದೆ.